ಛತ್ರದವನು ಎಲ್ಲಿಂದ ಬಂದ?

ಬೈಬಲ್ ಕಥೆಗಳನ್ನು ಪುಟ್ಟ ಮಕ್ಕಳಿಗೆ ಹೇಳುವವರು ಐದು ಶತಮಾನಗಳಿಂದ ಸೇರಿಸಿದ್ದೆಷ್ಟು, ಮರೆಮಾಡಿದ್ದೆಷ್ಟು? ಬಣ್ಣಬಣ್ಣದ ಪುಟಗಳ ಹಿಂದಿರುವ ಕತ್ತರಿಯ ಕೆಲಸ, ಮತ್ತು ಅದಕ್ಕೆ ಜಗ್ಗದ ಮಕ್ಕಳ ಪ್ರಶ್ನೆಗಳು.

ಡಿಸೆಂಬರ್ ಕೊನೆಯ ವಾರ ಚರ್ಚಿನ ಅಂಗಳದಲ್ಲಿ ಕ್ರಿಸ್ಮಸ್ ನಾಟಕ ನೋಡಲು ಕೂತರೆ ಒಬ್ಬ ಹುಡುಗ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ತಲೆಗೆ ಟರ್ಕಿ ಟವೆಲಿನ ಮುಂಡಾಸು, ಮೇಲ್ದುಟಿಗೆ ಕಾಡಿಗೆಯ ಮೀಸೆ, ಕೈಯಲ್ಲೊಂದು ಲಾಂದ್ರ. ಯೋಸೇಫನ ಪಾತ್ರಕ್ಕೆ ವಯಸ್ಸು ಸಾಲದ, ಜೋಯಿಸನಾಗಲು ಎತ್ತರ ಸಾಲದ, ಕುರಿ ಆಗುವುದಕ್ಕೆ ಸುತರಾಂ ಒಪ್ಪದ ಹುಡುಗ ಇವನು. ಇವನಿಗಿರುವುದು ಒಂದೇ ಮಾತು: 'ಜಾಗ ಇಲ್ಲ, ಮುಂದೆ ಹೋಗಿ!' ಅದನ್ನು ಗಂಟಲು ಹರಿಯುವಂತೆ ಕೂಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಇಡೀ ನಾಟಕದಲ್ಲಿ ಜನ ಮನಸಾರೆ ನಗುವುದು ಆಗಲೇ.

ಬೈಬಲ್ ತೆರೆದು ಹುಡುಕಿದರೆ ಈ ಛತ್ರದವನು ಸಿಗುವುದಿಲ್ಲ. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಛತ್ರದಲ್ಲಿ ಸ್ಥಳವಿರಲಿಲ್ಲ ಎಂಬ ಸಂಗತಿ ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹಾಗೆಂದು ಹೇಳಿದವರು ಯಾರು, ಬಾಗಿಲು ಹಾಕಿದರೋ ಕೈಮುಗಿದರೋ, ಲೂಕ ಬರೆದಿಲ್ಲ. ಮರಿಯಳನ್ನು ಹೊತ್ತು ತಂದ ಕತ್ತೆಯೂ ಅಲ್ಲಿಲ್ಲ. ಗೋದಲಿಯ ಪಕ್ಕದ ಎತ್ತು ಕತ್ತೆಗಳು ಕಥೆಯೊಳಗೆ ನಡೆದು ಬಂದದ್ದು ಸುವಾರ್ತೆಗಳಿಗಿಂತ ನೂರಾರು ವರ್ಷ ಈಚಿನ ಬರಹಗಳ ಮೂಲಕ. ಮೂಡಣ ದೇಶದ ಜೋಯಿಸರು ಮೂವರು ಎಂದು ಮತ್ತಾಯ ಎಲ್ಲಿಯೂ ಹೇಳಿಲ್ಲ, ಕಾಣಿಕೆಗಳು ಮಾತ್ರ ಮೂರು. ಏದೆನ್ ತೋಟದ ಹಣ್ಣು ಸೇಬು ಎಂದು ಆದಿಕಾಂಡದಲ್ಲಿಲ್ಲ. ಯೋನನನ್ನು ನುಂಗಿದ್ದು ತಿಮಿಂಗಿಲವಲ್ಲ, ಬರೀ 'ದೊಡ್ಡ ಮೀನು'. ನೋಹನ ಹೆಂಡತಿಗೆ ಹೆಸರೇ ಇಲ್ಲ.

ಇವುಗಳಲ್ಲಿ ಹಲವು ದೊಡ್ಡವರ ಭಕ್ತಿಯಿಂದ, ಚಿತ್ರಕಾರರ ಕುಂಚದಿಂದ ಬಂದವು, ನಿಜ. ಆದರೂ ಕಥೆ ಕೇಳುತ್ತಾ ಕೂತ ನಾಲ್ಕು ವರ್ಷದ ಮಗುವನ್ನು ನೆನೆಸಿಕೊಳ್ಳಿ. ಜಾಗ ಇಲ್ಲ ಅಂದಿದ್ದು ಯಾರು? ಹೊಟ್ಟೆಯಲ್ಲಿ ಪಾಪು ಇಟ್ಟುಕೊಂಡು ಅಷ್ಟು ದೂರ ಹೇಗೆ ನಡೆದಳು? ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಮಗು ಕೇಳುವುದರಲ್ಲಿ ತಪ್ಪೇನಿದೆ? ಎಷ್ಟು ಜನ ಬಂದರು? ಯಾವ ಹಣ್ಣು? ಯಾವ ಮೀನು? ಅವಳ ಹೆಸರೇನು? ಮೂಲದಲ್ಲಿ ಇಲ್ಲದ ಈ ಸಾಮಾನುಗಳೆಲ್ಲ ಇಂಥ ಒಂದೊಂದು ಪ್ರಶ್ನೆಗೆ ಕೊಟ್ಟ ಉತ್ತರಗಳಂತೆಯೇ ಇವೆ. ಬೈಬಲಿನ ಕಥೆಗಾರರು ಮಾತಿನಲ್ಲಿ ಮಹಾ ಜಿಪುಣರು. ಎಲ್ಲರ ಮುಖ, ಬಟ್ಟೆ, ಮನಸ್ಸಿನ ತಳಮಳ, ಯಾವುದನ್ನೂ ಬಿಡಿಸಿ ಹೇಳುವವರಲ್ಲ. ಅವರು ಬಿಟ್ಟ ಸಂದಿಗಳಲ್ಲೇ ಮಗು ಬೆರಳು ತೂರಿಸುವುದು.

ಮಕ್ಕಳ ಬೈಬಲ್‌ಗಳ ಚರಿತ್ರೆಯನ್ನು ಮುದ್ರಣದ ಚರಿತ್ರೆ ಎಂದೋ ಚಿತ್ರಕಲೆಯ ಚರಿತ್ರೆ ಎಂದೋ ಬರೆಯಬಹುದು. ನನಗೆ ಕಾಣುವುದು ಬೇರೆ. ಪ್ರಶ್ನೆ ಕೇಳುವ ಹಕ್ಕು ಆಯಾ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂದು ನೋಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

52ರ ಲೆಕ್ಕ

1529ರಲ್ಲಿ ಮಾರ್ಟಿನ್ ಲೂಥರ್ ತನ್ನ ಪ್ರಾರ್ಥನಾ ಪುಸ್ತಕಕ್ಕೆ ಸುಮಾರು 50 ಮರದಚ್ಚಿನ ಚಿತ್ರಗಳನ್ನು ಸೇರಿಸಿ, ಮಕ್ಕಳಿಗೂ ಓದುಬರಹ ಬಾರದ ಸಾಮಾನ್ಯರಿಗೂ ಆಗಲಿ ಎಂದು ಹೊರತಂದ. 1614ರಲ್ಲಿ ಲಂಡನ್ನಿನಲ್ಲಿ ಜಾನ್ ಟೇಲರ್ ಎಂಬಾತ ಇಡೀ ಬೈಬಲನ್ನು ಪದ್ಯಕ್ಕೆ ಇಳಿಸಿ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಪುಸ್ತಕ ಮಾಡಿದ. ಇಂಥವಕ್ಕೆ 'ಹೆಬ್ಬೆರಳ ಬೈಬಲ್' ಎಂದೇ ಆಮೇಲೆ ಹೆಸರಾಯಿತು. 18ನೇ ಶತಮಾನದ ಕೊನೆಗೆ ಒಗಟಿನ ಬೈಬಲ್‌ಗಳೂ ಬಂದವು: ವಾಕ್ಯದ ನಡುವೆ 'ಕಣ್ಣು' ಎಂದು ಬರೆಯುವ ಬದಲು ಕಣ್ಣಿನ ಚಿತ್ರ, ಹಾವಿನ ಬದಲು ಹಾವು. ಓದು ಬಾರದ ಮಗುವೂ ಚಿತ್ರ ನೋಡಿ ಕೂಗಬಹುದಿತ್ತು. ಆ ಕಾಲಕ್ಕೆ ಇದು ಭಾರಿ ಸೊಗಸಿನ ಉಪಾಯ.

ಶಾಲೆಗೆ ಹೊಂದುವ ಅಚ್ಚು ಸಿಕ್ಕಿದ್ದು 1714ರಲ್ಲಿ. ಹ್ಯಾಂಬರ್ಗ್ ನಗರದ ಶಾಲೆಯೊಂದರ ಮುಖ್ಯಸ್ಥ ಯೋಹಾನ್ ಹ್ಯೂಬ್ನರ್ ಹಳೆಯ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52 ಕಥೆ ಆರಿಸಿದ. ವರ್ಷದ ವಾರಗಳಿಗೆ ಸರಿಯಾಗಿ, ವಾರಕ್ಕೊಂದರಂತೆ. ಪ್ರತಿ ಕಥೆಯ ಬೆನ್ನಿಗೆ ಒಂದಷ್ಟು ಪ್ರಶ್ನೆ, ಒಂದಷ್ಟು ನೀತಿ, ಕೊನೆಗೊಂದು ಪದ್ಯ. ಪ್ರಶ್ನೆಗಳ ಉತ್ತರವೆಲ್ಲ ಕಥೆಯ ವಾಕ್ಯದಲ್ಲೇ ಇತ್ತು, ಮಗು ಅದನ್ನು ಇದ್ದ ಹಾಗೇ ಒಪ್ಪಿಸಬೇಕು. ಪ್ರಶ್ನೆ ಮೇಷ್ಟ್ರ ಕೈಗೆ ಹೋಯಿತು, ಮಗುವಿಗೆ ಉಳಿದದ್ದು ಉತ್ತರ. ಸಂಡೇ ಸ್ಕೂಲಿನ ಬೆಂಚಿನಲ್ಲಿ ಕೂತು, ಕಂಠಪಾಠದ ವಚನ ಒಪ್ಪಿಸಿ ಸ್ಟಾರ್ ಅಂಟಿಸಿಕೊಂಡವರಿಗೆ ಈ ಏರ್ಪಾಡು ಹೊಸದಲ್ಲ.

ಇದೇ 52ರ ಲೆಕ್ಕವನ್ನು 1832ರಲ್ಲಿ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ ಎಂಬ ಜರ್ಮನ್ ಪಾದ್ರಿ ಇನ್ನೂ ಸರಳ ಮಾಡಿದ. ಮರುವರ್ಷ ಅವನು ಕಾಲ್ವ್ ಎಂಬ ಊರಿನಲ್ಲಿ ಕಟ್ಟಿದ ಪ್ರಕಾಶನ ಸಂಘದಿಂದ ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿ, ಹತ್ತಾರು ಭಾಷೆಗಳಿಗೆ ಹೋಗಿ, ಮಿಷನ್ ಶಾಲೆಗಳಿಗೆ ಮಾದರಿಯಾಯಿತು. ನಮ್ಮ ಕರಾವಳಿಗೂ ಆ ಊರಿಗೂ ಒಂದು ನಂಟಿದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ವರ್ಷಗಟ್ಟಲೆ ದುಡಿದು 1859ರಲ್ಲಿ ಊರಿಗೆ ಮರಳಿದಾಗ ಸೇರಿಕೊಂಡದ್ದು ಬಾರ್ತನ ಈ ಸಂಘವನ್ನೇ. ಬಾರ್ತ್ ತೀರಿಕೊಂಡ ಮೇಲೆ ಅದರ ಯಜಮಾನಿಕೆಯೂ ಗುಂಡರ್ಟ್ ಹೆಗಲಿಗೆ ಬಂತು. ಮುಂದೆ 'ಸಿದ್ಧಾರ್ಥ' ಬರೆದ ಹೆರ್ಮನ್ ಹೆಸ್ಸೆ ಈ ಗುಂಡರ್ಟರ ಮಗಳ ಮಗ. ಅಜ್ಜನ ಮನೆಯ ಕಪಾಟುಗಳಲ್ಲಿದ್ದ ಇಂಡಿಯಾ, ಮೊಮ್ಮಗನ ಪುಸ್ತಕಗಳಲ್ಲಿ ತಲೆಯೆತ್ತಿತು.

ಮಂಗಳೂರಿನಲ್ಲಿ ಅದೇ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದಿದ್ದರು. ಅಲ್ಲಿದ್ದ ಕಿಟೆಲ್ ಹಿಡಿದದ್ದು ಬೇರೆ ದಾರಿ. ನಿಘಂಟಿನ ಕಿಟೆಲ್ ಎಂದೇ ನಾವು ಬಲ್ಲ ಈ ಮನುಷ್ಯ 1862ರ ತನ್ನ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಕೂರಿಸಿದ. ಅದು ಎಳೆಯರಿಗೆಂದು ಬರೆದದ್ದಲ್ಲ. ಆದರೆ ಭಾರತ ರಾಮಾಯಣಗಳನ್ನು ರಾಗವಾಗಿ ಕೇಳಿದ ಕಿವಿಗೆ ಪ್ರಶ್ನೋತ್ತರದ ಪಾಠ ಇಳಿಯುವುದಿಲ್ಲ, ಕಥೆ ಹಾಡಾಗಿ ಬರಬೇಕು ಎಂಬುದನ್ನು ಅವನು ಹಿಡಿದಿದ್ದ. ಹಾಗೆ ನೋಡಿದರೆ ಗೋವೆಯ ಕಡೆ ಥಾಮಸ್ ಸ್ಟೀಫನ್ಸ್ 1616ರಲ್ಲೇ 'ಕ್ರಿಸ್ತ ಪುರಾಣ'ವನ್ನು ಓವಿಗಳಲ್ಲಿ ಬರೆದು ಅಚ್ಚು ಹಾಕಿಸಿದ್ದ.

ಕರಡಿಗಳು ಹೋದವು, ನಾವೆ ಉಳಿಯಿತು

ಅಮೆರಿಕದ ವಿದ್ವಾಂಸೆ ರೂತ್ ಬಾಟಿಗ್‌ಹೈಮರ್ ಮಕ್ಕಳ ಬೈಬಲ್‌ಗಳನ್ನು ಗುಟೆನ್‌ಬರ್ಗನ ಕಾಲದಿಂದ ಈಚೆಗೆ ಜಾಲಾಡಿ 1996ರಲ್ಲಿ ಒಂದು ಪುಸ್ತಕ ಬರೆದರು. ಅದನ್ನು ಓದಿದ ಮೇಲೆ 'ಧರ್ಮಗ್ರಂಥ ಬದಲಾಗುವುದಿಲ್ಲ' ಎಂಬ ಮಾತನ್ನು ಹಗುರವಾಗಿ ಆಡುವುದು ಕಷ್ಟ. ಒಂದು ಕಾಲದ ಮಕ್ಕಳಿಗೆ ದಾವೀದ ಬತ್ಷೆಬೆಯರ ಕಥೆ, ನೋಹ ಕುಡಿದು ಮೈಮರೆತ ಕಥೆ, ಯಾಯೇಲಳು ಡೇರೆಯ ಗೂಟವನ್ನು ಸೇನಾಪತಿಯ ಕಣತಲೆಗೆ ಹೊಡೆದ ಕಥೆ ಎಲ್ಲವೂ ಸಿಗುತ್ತಿದ್ದವು. ಬರಬರುತ್ತಾ ಒಂದೊಂದೇ ಜಾರಿಹೋದವು.

ಎಲೀಷನ ಕರಡಿಗಳನ್ನೇ ನೋಡಿ. ಬೋಳುತಲೆಯ ಪ್ರವಾದಿಯನ್ನು ಊರ ಹುಡುಗರು ಅಣಕಿಸುತ್ತಾರೆ. ಅವನು ಶಪಿಸುತ್ತಾನೆ. ಕಾಡಿನಿಂದ ಎರಡು ಹೆಣ್ಣು ಕರಡಿಗಳು ಬಂದು 42 ಮಕ್ಕಳನ್ನು ಸೀಳುತ್ತವೆ. ಹಿರಿಯರಿಗೆ ಎದುರಾಡಬಾರದು ಎಂಬ ಪಾಠಕ್ಕೆ ಇದಕ್ಕಿಂತ ಅನುಕೂಲದ ಕಥೆ ಬೇರೆ ಯಾವುದಿದೆ? ಹಿಂದಿನ ಮೇಷ್ಟ್ರುಗಳು ಅದನ್ನು ಚೆನ್ನಾಗಿಯೇ ದುಡಿಸಿಕೊಂಡರು. ಇವತ್ತು ಯಾವ ಬಣ್ಣದ ಪುಸ್ತಕದಲ್ಲೂ ಆ ಕರಡಿಗಳನ್ನು ಹುಡುಕುವುದು ಕಷ್ಟ. ಮಕ್ಕಳು ಬೆಚ್ಚುತ್ತಾರೆ ಎಂಬುದು ಕಾರಣವಿರಬಹುದು. ದೊಡ್ಡವರಿಗೆ ಹೆದರಿಸುವ ಧೈರ್ಯ ಉಡುಗಿದೆ ಎಂಬುದೂ ಇರಬಹುದು.

ಅದೇ ಹೊತ್ತಿಗೆ, ಇಡೀ ಲೋಕ ಮುಳುಗಿಹೋಗುವ ಜಲಪ್ರಳಯ ಮಾತ್ರ ತೊಟ್ಟಿಲ ಮಕ್ಕಳ ಕಥೆಯಾಗಿ ಕೂತಿದೆ! ಮಗುವಿನ ಹೊದಿಕೆಯಲ್ಲಿ, ಹಾಲಿನ ಲೋಟದಲ್ಲಿ, ಪ್ಲೇಸ್ಕೂಲಿನ ಗೋಡೆಯಲ್ಲಿ ನಗುನಗುತ್ತಾ ಇಣುಕುವ ಜಿರಾಫೆ, ಮೇಲೊಂದು ಕಾಮನಬಿಲ್ಲು. ಇದಕ್ಕೆ ಒಂದು ಮೂಲ ಜರ್ಮನಿಯ ಸ್ಯಾಕ್ಸನಿಯ ಬೆಟ್ಟದ ಊರು ಸೈಫೆನ್. ಗಣಿಗಾರಿಕೆ ಸೊರಗಿದ ಮೇಲೆ ಆ ಸೀಮೆಯವರು ಮರದ ಆಟಿಕೆಗೆ ಇಳಿದರು. ಅವರ ಕೈಚಳಕ ನೋಡುವಂಥದ್ದು. ಹಸಿ ಮರದ ದಪ್ಪ ಬಿಲ್ಲೆಯನ್ನು ತಿರುಗುವ ಯಂತ್ರಕ್ಕೆ ಕೂರಿಸಿ, ಉಳಿಯಿಂದ ಒಳಗೂ ಹೊರಗೂ ಕೆತ್ತಿ ಬಳೆ ಮಾಡುತ್ತಾರೆ. ನೋಡಿದರೆ ಅಲ್ಲಿ ಪ್ರಾಣಿಯೇ ಇಲ್ಲ, ಬರೀ ಉಬ್ಬು ತಗ್ಗಿನ ಬಳೆ. ಅದನ್ನು ಕೋಡುಬಳೆ ಮುರಿದ ಹಾಗೆ ಅಡ್ಡಡ್ಡ ಸೀಳಿದಾಗ ಒಂದೊಂದು ಹೋಳೂ ಸೊಂಡಿಲು, ಬೆನ್ನು, ಬಾಲ ಸಮೇತ ಆನೆ! ಕೆತ್ತುವವನು ಆ ಆಕಾರವನ್ನು ಕಣ್ಣಿನಿಂದ ಕಾಣದೆ, ಬರೀ ಕೈಯ ಅಂದಾಜಿನಲ್ಲಿ ಕೆತ್ತುತ್ತಾನೆ. ಆಮೇಲೆ ಮೂಲೆ ಸವರಿ ಬಣ್ಣ ಹಚ್ಚುವುದು ಮನೆಮಂದಿಯ ಕೆಲಸ. ಹೀಗೆ ಬಂದ ಜೋಡಿ ಜೋಡಿ ಪ್ರಾಣಿಗಳೂ ಮರದ ನಾವೆಯೂ 19ನೇ ಶತಮಾನದಲ್ಲಿ ಯೂರೋಪಿನ ಮನೆಮನೆ ಸೇರಿದವು. ಭಾನುವಾರ ಆಟಿಕೆ ಮುಟ್ಟಬಾರದೆಂಬ ಕಟ್ಟುನಿಟ್ಟಿನ ಇಂಗ್ಲಿಷ್ ಮನೆಗಳಲ್ಲೂ ನೋಹನ ನಾವೆಗೆ ವಿನಾಯಿತಿ ಇತ್ತು, ಬೈಬಲಿನದಲ್ಲವೇ! ಪಾಪ, ಉಳಿದ ಆರು ದಿನದ ಗೊಂಬೆಗಳೆಲ್ಲ ಬೀರುವಿನಲ್ಲಿದ್ದಾಗ ಮಕ್ಕಳು ಆ ಆನೆಗಳನ್ನು ಎಷ್ಟು ಸಲ ಹತ್ತಿಸಿ ಇಳಿಸಿದರೋ.

ನಾವೆಯನ್ನು ಹೀಗೆ ಸರ್ಕಸ್ಸು ಮಾಡಿದ ಮೇಲೆ ಹೊರಗೆ ಉಳಿದವರನ್ನು ನೆನೆಯುವುದು ಯಾರು? ನೆನೆದವನು ಪೀಟರ್ ಸ್ಪಿಯರ್, ಡಚ್ ಮೂಲದ ಅಮೆರಿಕನ್ ಚಿತ್ರಕಾರ. 1977ರ ಅವನ 'ನೋವಾಸ್ ಆರ್ಕ್' ಹೆಚ್ಚುಕಡಿಮೆ ಮಾತೇ ಇಲ್ಲದ ಪುಸ್ತಕ. ಮರುವರ್ಷ ಅದಕ್ಕೆ ಅಮೆರಿಕದ ಚಿತ್ರಪುಸ್ತಕಗಳ ದೊಡ್ಡ ಮನ್ನಣೆಯಾದ ಕ್ಯಾಲ್ಡಿಕಾಟ್ ಪದಕ ಬಂತು. ನಾವೆಯೊಳಗಿನ ದುಡಿತ ಅದರಲ್ಲಿ ಪುಟಗಟ್ಟಲೆ ಇದೆ: ಮೇವು ಹೊರುವುದು, ಸಗಣಿ ಎತ್ತುವುದು, ಗಜಿಬಿಜಿ. ಆದರೆ ಅದಕ್ಕೆ ಮುಂಚೆ ಒಂದು ಚಿತ್ರವಿದೆ. ನಾವೆಗೆ ಹತ್ತಲಾಗದ ಪ್ರಾಣಿಗಳು ಸುರಿಯುವ ಮಳೆಯಲ್ಲಿ, ಏರುವ ನೀರಿನಲ್ಲಿ ನಿಂತಿವೆ. ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ, ನೀತಿಯೂ ಇಲ್ಲ. ಮಗು ಆ ಪುಟದಲ್ಲಿ ನಿಲ್ಲುತ್ತದೆ, ಕೇಳುತ್ತದೆ. ಕೊನೆಗೆ ನೋಹ ದ್ರಾಕ್ಷಿತೋಟ ನೆಡುವಲ್ಲಿ ಪುಸ್ತಕ ಮುಗಿಯುತ್ತದೆ, ಬಲ್ಲ ಹಿರಿಯರು ತುಟಿಯಂಚಿನಲ್ಲಿ ನಗಲಿ ಎಂದು.

ಮಕ್ಕಳು ಇಂಥದ್ದನ್ನು ತಾಳಲಾರರು ಎನ್ನುವವರಿಗೆ ನಮ್ಮ ಗೋವಿನ ಹಾಡನ್ನು ನೆನಪಿಸಬೇಕು. ಪುಣ್ಯಕೋಟಿ ಉಳಿದು ಹುಲಿ ಸಾಯುವ ಕಥೆಗೆ ಎಷ್ಟು ತಲೆಮಾರು ಅತ್ತಿಲ್ಲ? ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನನ್ನು ಕೇಳಿಕೊಂಡೇ ನಿದ್ದೆಗೆ ಜಾರಿದವರು ನಾವು.

ಇಸಾಕನ ಪ್ರಶ್ನೆ

ಹಾಗೆಂದು ಎಲ್ಲವನ್ನೂ ಎಲ್ಲ ವಯಸ್ಸಿಗೂ ಸುರಿಯಬಹುದೇ? ಇಲ್ಲಿ ನನ್ನ ವೀರಾವೇಶ ಸ್ವಲ್ಪ ತಣ್ಣಗಾಗುತ್ತದೆ. ಆದಿಕಾಂಡದ 22ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ ಮಗನನ್ನೇ ಬಲಿ ಕೊಡು ಎನ್ನುತ್ತಾನೆ. ಅಪ್ಪ ಮಗ ಬೆಟ್ಟ ಹತ್ತುತ್ತಾರೆ. ಸೌದೆ ಮಗನ ಹೆಗಲ ಮೇಲೆ, ಬೆಂಕಿ ಕತ್ತಿ ಅಪ್ಪನ ಕೈಯಲ್ಲಿ. ದಾರಿಯಲ್ಲಿ ಇಸಾಕ ಅಪ್ಪನನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳುತ್ತಾನೆ: ಎಲ್ಲ ಇದೆ, ಬಲಿಯ ಕುರಿ ಎಲ್ಲಿದೆ ಎಂದು. ದೇವರೇ ಒದಗಿಸುತ್ತಾನೆ ಎಂಬಷ್ಟೇ ಉತ್ತರ. ಆಮೇಲೆ ಆ ಅಧ್ಯಾಯದಲ್ಲಿ ಅವನ ಬಾಯಿಂದ ಒಂದು ಮಾತೂ ಇಲ್ಲ. ಕೊನೆಗಳಿಗೆಯಲ್ಲಿ ದೇವದೂತ ಕೈ ತಡೆಯುತ್ತಾನೆ, ಪೊದೆಯಲ್ಲಿ ಟಗರು ಸಿಗುತ್ತದೆ.

ಇಸಾಕನಿಗೆ ಆಗ ವಯಸ್ಸೆಷ್ಟು? ಮೊದಲ ಶತಮಾನದ ಯೆಹೂದಿ ಚರಿತ್ರೆಕಾರ ಯೋಸಿಫಸ್ 25 ಎನ್ನುತ್ತಾನೆ, ರಬ್ಬಿಗಳ ಒಂದು ಲೆಕ್ಕದಲ್ಲಿ 37. ಮಕ್ಕಳ ಪುಸ್ತಕದ ಚಿತ್ರಕಾರರು ಮಾತ್ರ ಅವನನ್ನು ಎಂಟು ಹತ್ತು ವರ್ಷದ ಹುಡುಗನಾಗಿಯೇ ಬರೆಯುತ್ತಾರೆ. ಓದುವ ಮಗು ತನ್ನನ್ನೇ ಅಲ್ಲಿ ನೋಡಲಿ ಎಂದು. ನೋಡಿದ ಮಗು ರಾತ್ರಿ ಅಪ್ಪನ ಪಕ್ಕ ಹೇಗೆ ಮಲಗಬೇಕು? ಅದರ ಮೇಲೆ 'ಅಬ್ರಹಾಮನ ಹಾಗೆ ವಿಧೇಯರಾಗಿರಿ' ಎಂದೊಂದು ಬಾಲ ಅಂಟಿಸಿದರೆ ಕಥೆ ಕ್ರೂರವೂ ಆಗುತ್ತದೆ, ಸಣ್ಣದೂ ಆಗುತ್ತದೆ. ಡೆನ್ಮಾರ್ಕಿನ ತತ್ತ್ವಜ್ಞಾನಿ ಕಿರ್ಕೆಗಾರ್ಡ್ 1843ರಲ್ಲಿ ಈ ಕಥೆಯ ಮೇಲೇ ಒಂದು ಪುಸ್ತಕ ಬರೆದ. ಅದರ ಆರಂಭದಲ್ಲಿ ಬರುವ ಮನುಷ್ಯ ಚಿಕ್ಕಂದಿನಲ್ಲಿ ಇದನ್ನು ಕೇಳಿ ಮೆಚ್ಚಿದವನು. ವಯಸ್ಸಾದಂತೆ ಮೆಚ್ಚುಗೆ ಹೆಚ್ಚುತ್ತದೆ, ಅರ್ಥ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಶಿವನಿಗಾಗಿ ಮಗನನ್ನೇ ಬಲಿಕೊಟ್ಟ ಸಿರಿಯಾಳ ಸೆಟ್ಟಿಯ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಈ ಸಂಕಟ ತಿಳಿಯದ್ದಲ್ಲ. ಐದರೊಳಗಿನ ಮಕ್ಕಳಿಗೆ ಇದನ್ನು ಹೇಳುವ ಅವಸರವೇನೂ ಇಲ್ಲ ಎಂಬುದು ನನ್ನ ಪಕ್ಷ. ಎಂಟು ಒಂಬತ್ತಕ್ಕೆ ಹೇಳುವುದಾದರೆ ಇಸಾಕನ ಪ್ರಶ್ನೆಯನ್ನು ನುಂಗದೆ, ಬಾಲ ಅಂಟಿಸದೆ ಹೇಳಬೇಕು.

ಕಳೆದ ಶತಮಾನದ ಜಾಣರು ಹಲವು ದಾರಿ ಹುಡುಕಿದ್ದಾರೆ. ಡಚ್ ಚಿತ್ರಕಾರ ಕೇಸ್ ಡಿ ಕಾರ್ಟ್ 1960ರ ದಶಕದಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆಂದು ಶುರುಮಾಡಿದ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆ, ದೊಡ್ಡ ಕಣ್ಣು, ದೊಡ್ಡ ಕೈ, ಹಿನ್ನೆಲೆ ಬಹುಪಾಲು ಖಾಲಿ. ನೋಡಬೇಕಾದ್ದು ಮಾತ್ರ ಕಾಣುತ್ತದೆ. ಅವು ಎಲ್ಲ ಮಕ್ಕಳಿಗೂ ಹಿಡಿಸಿಬಿಟ್ಟವು. ಶಿಕಾಗೋದ ಕೆನೆತ್ ಟೇಲರ್‌ಗೆ ಮಕ್ಕಳು ಹತ್ತು. ಹಳೆಯ ಇಂಗ್ಲಿಷಿನ ಬೈಬಲ್ ಅವರ ತಲೆಗೆ ಹತ್ತದು. ಅವನು ದಿನವೂ ಕೆಲಸಕ್ಕೆ ಹೋಗುವ ರೈಲಿನಲ್ಲಿ ಕೂತು ಆಡುಮಾತಿಗೆ ತಿರುಗಿಸುತ್ತಾ ಹೋದದ್ದೇ 1971ರಲ್ಲಿ 'ಲಿವಿಂಗ್ ಬೈಬಲ್' ಆಯಿತು. ಮಕ್ಕಳಿಗೆಂದು ಹೊರಟದ್ದನ್ನು ದೊಡ್ಡವರು ಮುಗಿಬಿದ್ದು ಕೊಂಡರು. ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು 2010ರಲ್ಲಿ ತಂದ ಮಕ್ಕಳ ಬೈಬಲಿಗೆ ಬೇರೆ ಬೇರೆ ದೇಶಗಳ ಚಿತ್ರಕಾರರು ಚಿತ್ರ ಬರೆದರು, ಹೊಂಬಣ್ಣದ ಕೂದಲ ಯೇಸುವನ್ನೇ ನೋಡಿ ಬೇಸತ್ತ ಕಣ್ಣಿಗೆ ತಂಪಾಗುವಂತೆ. ಸ್ಯಾಲಿ ಲಾಯ್ಡ್-ಜೋನ್ಸ್ ಬರೆದ, 2007ರ 'ಜೀಸಸ್ ಸ್ಟೋರಿಬುಕ್ ಬೈಬಲ್' ಲಕ್ಷಗಟ್ಟಲೆ ಮನೆ ಸೇರಿದೆ. ನೀತಿಪಾಠದ ಬಾಲವನ್ನು ಅದು ಕತ್ತರಿಸಿತು, ಸಂತೋಷ. ಆದರೆ ಹಳೆಯ ಒಡಂಬಡಿಕೆಯ ಪ್ರತಿ ಕಥೆಯನ್ನೂ ಯೇಸುವಿನತ್ತಲೇ ತಿರುಗಿಸಿ ನಿಲ್ಲಿಸುತ್ತದೆ. ಯೆಹೂದಿ ಮನೆಯ ಮಗು ಅದೇ ಕಥೆಗಳನ್ನು ಹಾಗೆ ಕೇಳುವುದಿಲ್ಲ.

ಆ ಮಗುವಿಗೆ ಸಿಕ್ಕಿರುವ ಸೌಭಾಗ್ಯವೇ ಬೇರೆ. ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಪಸ್ಕದ ರಾತ್ರಿ, ಊಟದ ಮುಂದೆ, ಮನೆಯ ಅತಿ ಚಿಕ್ಕವರು ಪ್ರಶ್ನೆ ಕೇಳದೆ ಕಥೆ ಶುರುವೇ ಆಗುವಂತಿಲ್ಲ. ಈ ರಾತ್ರಿ ಬೇರೆ ರಾತ್ರಿಗಳಂತೆ ಏಕಿಲ್ಲ ಎಂದು ಮಗು ಕೇಳಬೇಕು, ಹಿರಿಯರು ಹೇಳಬೇಕು. ಮಕ್ಕಳು ಮುಂದೆ ಇದನ್ನು ಕೇಳುತ್ತಾರೆ, ಆಗ ಹೇಳಿ ಎಂಬ ಅಪ್ಪಣೆ ವಿಮೋಚನಕಾಂಡದಲ್ಲೇ ಇದೆ. ಆ ರಾತ್ರಿಯ ಪಾಠದಲ್ಲಿ ನಾಲ್ವರು ಮಕ್ಕಳು ಬರುತ್ತಾರೆ: ಜಾಣ, ತುಂಟ, ಮುಗ್ಧ, ಮತ್ತು ಕೇಳಲೂ ತಿಳಿಯದವನು. ನಾಲ್ಕನೆಯವನಿಗೆ ನೀನೇ ಮಾತು ತೆಗೆದುಕೊಡು ಎನ್ನುತ್ತದೆ ಸಂಪ್ರದಾಯ. ಅವನನ್ನು ಬೆಂಚಿನ ಮೇಲೆ ನಿಲ್ಲಿಸು ಎನ್ನುವುದಿಲ್ಲ.

ಕ್ರೈಸ್ತರಲ್ಲಿ ಪ್ರಶ್ನೆಯನ್ನು ಮಗುವಿಗೆ ಮರಳಿಸಿದವರಲ್ಲಿ ರೋಮಿನ ಸೋಫಿಯಾ ಕವಲ್ಲೆಟ್ಟಿ ಮುಖ್ಯರು. 1954ರಲ್ಲಿ ಮಾಂಟೆಸ್ಸರಿ ಜಾಡಿನಲ್ಲಿ ಅವರು ಕಟ್ಟಿದ ಪದ್ಧತಿಯಿಂದ ಕಲಿತು, ಅಮೆರಿಕದ ಜೆರೋಮ್ ಬೆರಿಮನ್ 'ಗಾಡ್ಲಿ ಪ್ಲೇ' ಎಂಬ ಕ್ರಮ ರೂಪಿಸಿದರು. ನೆಲದ ಮೇಲೆ ಮರಳು ಹರಡುತ್ತಾರೆ, ಅದೇ ಮರುಭೂಮಿ. ಬೆರಳುದ್ದದ ಮರದ ಬೊಂಬೆಗಳು ಅಬ್ರಹಾಮ, ಸಾರ. ಹೇಳುವವರು ಮಕ್ಕಳ ಮುಖ ನೋಡುವುದಿಲ್ಲ, ಕಣ್ಣೆಲ್ಲ ಮರಳಿನ ಮೇಲೆ, ಬೊಂಬೆಗಳನ್ನು ನಿಧಾನಕ್ಕೆ ನಡೆಸುತ್ತಾರೆ. ಮುಗಿದ ಮೇಲೆ ಪರೀಕ್ಷೆಯಿಲ್ಲ. ನಿಮಗೆ ಯಾವ ಭಾಗ ಇಷ್ಟ, ನೀವು ಈ ಕಥೆಯಲ್ಲಿ ಎಲ್ಲಿದ್ದೀರಿ, ಯಾವುದನ್ನು ಬಿಟ್ಟರೂ ನಮಗೆ ಬೇಕಾದ ಕಥೆ ಪೂರ್ತಿ ಉಳಿಯುತ್ತದೆ ಎಂದು ವಿಸ್ಮಯದಿಂದ ಕೇಳಿ ಸುಮ್ಮನಾಗುತ್ತಾರೆ. ಆ ಕೊನೆಯ ಪ್ರಶ್ನೆ ಮಜವಾಗಿದೆ. ಐನೂರು ವರ್ಷ ಮಕ್ಕಳ ಬೆನ್ನ ಹಿಂದೆ ದೊಡ್ಡವರು ಕತ್ತರಿ ಹಿಡಿದು ಗುಟ್ಟಾಗಿ ಕೇಳಿಕೊಂಡದ್ದು ಅದನ್ನೇ. ಇಲ್ಲಿ ಕತ್ತರಿಯನ್ನೇ ಮಕ್ಕಳ ಕೈಗೆ ಕೊಟ್ಟಿದ್ದಾರೆ.

ಯೋನನ ಉಳಿದ ಅಧ್ಯಾಯ

ಮಕ್ಕಳ ಪುಸ್ತಕಗಳು ಅತಿ ಹೆಚ್ಚು ಮೋಸ ಮಾಡಿರುವುದು ಯೋನನಿಗೆ. ದೇವರು ಹೋಗೆಂದ ಊರಿಗೆ ಹೋಗದೆ ಹಡಗು ಹತ್ತಿ ಓಡಿದ, ಮೀನು ನುಂಗಿತು, ಮೂರು ದಿನದ ಮೇಲೆ ಕಕ್ಕಿತು, ಬುದ್ಧಿ ಬಂತು, ನಿನೆವೆಗೆ ಹೋಗಿ ಸಾರಿದ, ಜನ ತಿದ್ದಿಕೊಂಡರು. ಸಂಡೇ ಸ್ಕೂಲಿನ ಫ್ಲಾನೆಲ್ ಬೋರ್ಡಿನ ಮೇಲೆ ಇಷ್ಟಕ್ಕೇ ಮಂಗಳ. ಯೆಹೂದಿಗಳು ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರ್ ದಿನ ಮಧ್ಯಾಹ್ನ ಈ ಪುಸ್ತಕವನ್ನು ಪೂರ್ತಿ ಓದುತ್ತಾರೆ, ನಾಲ್ಕನೆಯ ಅಧ್ಯಾಯ ಸಮೇತ. ಮಕ್ಕಳಿಗೆ ತಕ್ಕದ್ದೆಲ್ಲ ಇರುವುದು ಅದರಲ್ಲೇ.

ಮೂರನೆಯ ಅಧ್ಯಾಯದಲ್ಲೇ ಅರಸನ ಅಪ್ಪಣೆಯಂತೆ ದನಕರುಗಳೂ ಉಪವಾಸವಿದ್ದು ಗೋಣಿತಟ್ಟು ಹೊದ್ದುಕೊಳ್ಳಬೇಕಾಗುತ್ತದೆ. ಗೋಣಿ ಹೊದ್ದ ಹಸು! ದೇವರು ಊರನ್ನು ಉಳಿಸಿಬಿಡುತ್ತಾನೆ. ಪ್ರವಾದಿಗೆ ಉರಿದುಹೋಗುತ್ತದೆ. ತಾನು ನಾಶವಾಗುತ್ತದೆ ಎಂದು ಸಾರಿದ ಊರು ಚೆನ್ನಾಗಿದೆ, ಮುಖ ಎಲ್ಲಿಡುವುದು? ಊರ ಹೊರಗೆ ಚಪ್ಪರ ಹಾಕಿಕೊಂಡು ಮುಖ ಊದಿಸಿ ಕೂರುತ್ತಾನೆ. ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾನೆ, ಯೋನ ಖುಷಿಯಾಗುತ್ತಾನೆ. ಮರುದಿನ ಬೆಳಗ್ಗೆ ಒಂದು ಹುಳುವನ್ನು ಕಳಿಸುತ್ತಾನೆ, ಹುಳು ಕಡಿದು ಗಿಡ ಒಣಗುತ್ತದೆ. ಬಿಸಿಗಾಳಿ ಬೀಸುತ್ತದೆ. ನಾನು ಸಾಯುವುದೇ ಮೇಲು ಎಂದು ಯೋನ ರಚ್ಚೆ ಹಿಡಿಯುತ್ತಾನೆ. ಆಗ ದೇವರು ಕೇಳುವ ಪ್ರಶ್ನೆಯೊಂದಿಗೇ ಪುಸ್ತಕ ನಿಲ್ಲುತ್ತದೆ. ನೀನು ನೆಡದ ಗಿಡಕ್ಕಾಗಿ ನಿನಗೆ ಇಷ್ಟು ಮರುಕ, ಬಲಗೈ ಎಡಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೇ ಎಂಬ ಅರ್ಥದ ಪ್ರಶ್ನೆ. ಬಲಗೈ ಎಡಗೈ ತಿಳಿಯದವರೆಂದರೆ ಎಳೆಯ ಮಕ್ಕಳೇ ಎಂದು ಓದಿದ ವ್ಯಾಖ್ಯಾನಕಾರರೂ ಇದ್ದಾರೆ. ಯೋನ ಏನೆಂದು ಉತ್ತರಿಸಿದ, ಬರೆದಿಲ್ಲ.

ಯುಕೆಜಿ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡು ಈ ಅಧ್ಯಾಯವನ್ನೊಮ್ಮೆ ಹೇಳಿ ನೋಡಿ. ದೇವರ ಪ್ರಶ್ನೆಯ ತನಕ ಅವರು ನಿಮ್ಮನ್ನು ಬಿಟ್ಟರೆ ನಿಮ್ಮ ಪುಣ್ಯ. ಮೊದಲು ಹುಳುವಿನ ವಿಚಾರ ಇತ್ಯರ್ಥವಾಗಬೇಕು: ಅದಕ್ಕೆ ಹೊಟ್ಟೆ ತುಂಬಿತಾ, ಗಿಡ ಖಾಲಿಯಾದ ಮೇಲೆ ಎಲ್ಲಿ ಹೋಯಿತು, ದೇವರು ಅದಕ್ಕೆ ಬೈದನಾ. ನಿಮಗೆ ಗೊತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವರೇ ಆ ಹುಳುವಿಗೊಂದು ಹೆಸರು ಇಡುತ್ತಾರೆ.